ಕ್ಷಮಿಸು ಎಂದರೆ ಪಾಲು ಬಿಡು ಎಂದೇ ಅರ್ಥವೇ?

ಪ್ರಶ್ನೆ: "ಫಾದರ್, ನನಗೆ 52 ವರ್ಷ. ತವರು ಬೆಳ್ತಂಗಡಿ ಕಡೆ, ಗಂಡನ ಮನೆ ಶಿವಮೊಗ್ಗದಲ್ಲಿ. 9 ವರ್ಷದ ಹಿಂದೆ ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಆಮೇಲೆ ಅಮ್ಮ 6 ವರ್ಷ ಹಾಸಿಗೆ ಹಿಡಿದಿದ್ದರು, ಅಣ್ಣ-ಅತ್ತಿಗೆ ನೋಡಿಕೊಂಡರು. ಅಮ್ಮ ಹೋದ ಮರುತಿಂಗಳೇ 'ಖಾತೆ ಬದಲಾವಣೆಗೆ ನಿನ್ನದೊಂದು ಸಹಿ ಬೇಕು' ಎಂದು ಅಣ್ಣ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದ. ಓದದೆ ಸಹಿ ಹಾಕಿದೆ. ಅದು ಹಕ್ಕು ಬಿಡುಗಡೆ ಪತ್ರ ಎಂದು ಗೊತ್ತಾದದ್ದು ಕಳೆದ ವರ್ಷದ ತೆನೆ ಹಬ್ಬಕ್ಕೆ ಹೋದಾಗ. ಕೇಳಿದರೆ 'ಮದುವೆಗೆ ಚಿನ್ನ ಹಾಕಿದ್ದೇವಲ್ಲ, ಅದೇ ನಿನ್ನ ಪಾಲು' ಎಂದ. ಅಂದಿನಿಂದ ಮಾತಿಲ್ಲ. ನನ್ನ ಗಂಡ ಕೇಸು ಹಾಕು ಅನ್ನುತ್ತಾರೆ. ಪ್ರಾರ್ಥನಾ ಕೂಟದವರು ಕೋರ್ಟಿಗೆ ಹೋಗುವುದು ಶುಭಸಂದೇಶಕ್ಕೆ ವಿರುದ್ಧ ಅನ್ನುತ್ತಾರೆ. ಒಂದು ಧ್ಯಾನಕೂಟದಲ್ಲಿ ಬೋಧಕರೊಬ್ಬರು, ಕ್ಷಮಿಸದವರ ಮನೆಗೆ ಆಶೀರ್ವಾದ ಇಳಿಯುವುದಿಲ್ಲ ಎಂದರು. ನನ್ನ ಮಗಳಿಗೆ ಸಂಬಂಧ ಕೂಡಿಬರದಿರುವುದಕ್ಕೆ ಇದೇ ಕಾರಣವೇ? ಅವನ ಮನೆ ಹಾಳಾಗಲಿ ಎಂದು ಒಂದೆರಡು ಸಲ ಶಪಿಸಿದ್ದೇನೆ. 8 ತಿಂಗಳಿಂದ ಚರ್ಚಿನ ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿಲ್ಲ. ಬರುವ ತಿಂಗಳು ಅಣ್ಣನ ಮಗಳ ಮದುವೆ, ಆಮಂತ್ರಣ ಬಂದಿದೆ. ಕ್ಷಮಿಸು ಎಂದರೆ ಪಾಲು ಬಿಡು ಎಂದೇ ಅರ್ಥವೇ?"

ಸಹೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ನನ್ನ ಕಣ್ಣು ನಿಂತದ್ದು ಆ 8 ತಿಂಗಳ ಮೇಲೆ. ಮೋಸ ಹೋದವರು ನೀವು. ಬಲಿಪೀಠದ ಹತ್ತಿರ ಹೋಗಲು ಹೆದರಿ ಹಿಂದಿನ ಬೆಂಚಿನಲ್ಲಿ ಕೂತವರೂ ನೀವೇ. ಪಾಲಿನ ವಿಷಯ ಆಮೇಲೆ ನೋಡೋಣ, ಮೊದಲು ಇದನ್ನು ಎತ್ತಿಕೊಳ್ಳುತ್ತೇನೆ.

ನಿಮ್ಮನ್ನು ತಡೆದದ್ದು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದ ಮಾತು ಇರಬೇಕು. ಕಾಣಿಕೆ ಅರ್ಪಿಸಲು ಬಂದವನಿಗೆ ಸೋದರನ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು, ಹೋಗಿ ಮೊದಲು ರಾಜಿಯಾಗಲಿ ಎನ್ನುತ್ತಾರೆ ಯೇಸುಸ್ವಾಮಿ. ಆದರೆ ಆ ವಾಕ್ಯದಲ್ಲಿ ಯಾರ ಮನಸ್ಸಿನಲ್ಲಿ ಯಾರ ಬಗ್ಗೆ ದೂರಿದೆ ಎಂದು ನಿಧಾನವಾಗಿ ನೋಡಿ. "ನಿನ್ನ ಸೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ" ಎಂದಿದೆ. ಅಂದರೆ ಎದ್ದು ಹೋಗಬೇಕಾದವನು ತಪ್ಪು ಮಾಡಿದವನು. ಗಲಿಲೇಯದ ಆ ಕೇಳುಗರಿಗೆ ಜೆರುಸಲೇಮಿನ ದೇವಾಲಯ ಮೂರ್ನಾಲ್ಕು ದಿನದ ನಡಿಗೆ. ಅಷ್ಟು ದೂರ ನಡೆದು ಬಂದವನು ಕಾಣಿಕೆ ಬಿಟ್ಟು ವಾಪಸ್ ಹೋಗಬೇಕು ಎಂದರೆ ಅನ್ಯಾಯ ಮಾಡಿದವನ ಮೇಲೆ ಎಷ್ಟು ದೊಡ್ಡ ಹೊರೆ ಹೊರಿಸಿದ್ದಾರೆ ಎಂದು ಊಹಿಸಿ. ನಮ್ಮ ಊರುಗಳಲ್ಲಿ ಈ ವಾಕ್ಯ ತಿರುಗಿ ನಿಂತಿದೆ. ಕಿತ್ತುಕೊಂಡವರು ಮುಂದಿನ ಸಾಲಿನಲ್ಲಿ ಕೈಮುಗಿದು ನಿಲ್ಲುತ್ತಾರೆ, ಕಳೆದುಕೊಂಡವರು ಹಿಂದೆ ಕೂತು ಕಣ್ಣೀರು ಒರೆಸಿಕೊಳ್ಳುತ್ತಾರೆ. ಮೂವತ್ತು ವರ್ಷದಲ್ಲಿ ಕೆಲಸ ಮಾಡಿದ ಎಲ್ಲ ಧರ್ಮಕೇಂದ್ರಗಳಲ್ಲೂ ಇದನ್ನು ಕಂಡಿದ್ದೇನೆ, ಪ್ರತಿ ಸಲವೂ ನೊಂದಿದ್ದೇನೆ. (ಪಾಪನಿವೇದನೆಯಲ್ಲಿ ಕೇಳಿದ್ದು ಅಲ್ಲಿಗೇ ಮುಗಿಯಿತು. ಈ ಉತ್ತರದಲ್ಲಿ ಬರುವುದೆಲ್ಲ ಗುರುಮನೆಯ ವರಾಂಡದಲ್ಲಿ ಕೂತು ಮಾತಾಡಿದವರಿಂದ ಕಲಿತದ್ದು.)

ಇನ್ನು ನಿಮ್ಮ ಸಿಟ್ಟು. ಅವನನ್ನು ಕಂಡಾಗ ಎದೆ ಹೊಡೆದುಕೊಳ್ಳುವುದು, ರಾತ್ರಿ ಆ ಕಚೇರಿಯ ಮೇಜು ಕಣ್ಣಿಗೆ ಬರುವುದು ಪಾಪವಲ್ಲ. ಆದ ಗಾಯ ಅನುಭವಕ್ಕೆ ಬಾರದಂತೆ ಮಾಡುವುದಾಗಲಿ ಅದನ್ನು ಮರೆಯುವುದಾಗಲಿ ನಮ್ಮ ಕೈಯಲ್ಲಿಲ್ಲ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ 2843ನೇ ಪರಿಚ್ಛೇದದಲ್ಲಿ ಒಪ್ಪಿಕೊಳ್ಳುತ್ತದೆ. ಮನಸ್ಸಾರೆ ಒಬ್ಬರ ಕೇಡು ಬಯಸುವುದು ಬೇರೆ. ಅದು ಪಾಪ, ಬಯಸಿದ ಕೇಡು ದೊಡ್ಡದಾಗಿದ್ದು ತಿಳಿದೂ ತಿಳಿದೂ ಬಯಸಿದ್ದರೆ ಘೋರ ಪಾಪ ಎನ್ನುತ್ತದೆ 2303. ನೀವು "ಮನೆ ಹಾಳಾಗಲಿ" ಎಂದದ್ದು ಸಿಟ್ಟಿನ ಬಾಯಿಮಾತೋ ನಿಜವಾದ ಬಯಕೆಯೋ ನಿಮಗೇ ಗೊತ್ತು. ಎರಡರಲ್ಲಿ ಯಾವುದಾದರೂ ಸರಿ, ಈ ಶನಿವಾರ ಸಂಜೆ ಪಾಪನಿವೇದನೆಗೆ ಹೋಗಿ ಆ ಮಾತನ್ನಷ್ಟೇ ಹೇಳಿ. ಅಣ್ಣನ ಕಥೆ ಹೇಳುವುದು ಬೇಡ, ಅದು ಅವನು ಹೇಳಬೇಕಾದದ್ದು. ಭಾನುವಾರ ಪೂಜೆಗೆ ಹೋಗಿ ಪರಮಪ್ರಸಾದ ಸ್ವೀಕರಿಸಿ. ಕೇಸಿನ ತೀರ್ಮಾನ ಆಗುವವರೆಗೆ ಕಾಯಬೇಡಿ. ಹಸಿದವರಿಗೆ ಕೊಡುವ ಊಟ ಅದು. ಹಸಿವು ತೀರಿದ ಮೇಲೆ ಬನ್ನಿ ಎಂದು ಯಾರೂ ಹೇಳಿಲ್ಲ.

ಮಗಳ ಮದುವೆಯ ಬಗ್ಗೆ ನೇರವಾಗಿ ಹೇಳುತ್ತೇನೆ: ಆ ಬೋಧಕರು ಆಡಿದ ಮಾತಿಗೆ ಶುಭಸಂದೇಶದಲ್ಲಿ ಆಧಾರವಿಲ್ಲ. ಹುಟ್ಟುಕುರುಡನನ್ನು ಕಂಡು ಶಿಷ್ಯರು "ಇವನ ಪಾಪವೋ, ತಂದೆತಾಯಿಗಳ ಪಾಪವೋ" ಎಂದು ಕೇಳಿದಾಗ ಯೇಸು ಎರಡೂ ಅಲ್ಲ ಎಂದರು (ಯೊವಾನ್ನ 9). ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳೇನಲ್ಲ ಎಂದೂ ಹೇಳಿದರು (ಲೂಕ 13). ಬೋಧಕರ ಮಾತಿನ ಬೇರು ಎಲ್ಲಿದೆ ಎಂದು ನನಗೆ ಗೊತ್ತು. "ನೀವು ಕ್ಷಮಿಸದಿದ್ದರೆ ತಂದೆಯೂ ನಿಮ್ಮನ್ನು ಕ್ಷಮಿಸುವುದಿಲ್ಲ" ಎಂಬ ಮಾತು ಮತ್ತಾಯ 6ರಲ್ಲಿದೆ, ಅದು ಹಗುರವಾದ ಮಾತಲ್ಲ. ಆದರೆ ಅಲ್ಲಿ ಹೇಳಿರುವುದು ನಮ್ಮ ನಮ್ಮ ಪಾಪಗಳ ಕ್ಷಮೆಯ ಬಗ್ಗೆ. ತಾಯಿಯ ಕೋಪಕ್ಕೆ ಮಗಳ ಸಂಬಂಧ ತಪ್ಪಿಸುವ ದೇವರನ್ನು ಯೇಸು ನಮಗೆ ಪರಿಚಯಿಸಲಿಲ್ಲ. ಆ ಭಯವನ್ನು ಇವತ್ತೇ ಇಳಿಸಿಬಿಡಿ, ಮಗಳ ಕಿವಿಗೂ ಅದು ಬೀಳದಿರಲಿ.

ಮೂರು ಎಳೆ, ಒಂದು ಗಂಟು

ನಿಮ್ಮ ಮನಸ್ಸಿನಲ್ಲಿ ಮೂರು ವಿಷಯಗಳು ಸೇರಿ ಗಂಟಾಗಿವೆ: ದ್ವೇಷ ಬಿಡುವುದು, ಸಂಬಂಧ ಮತ್ತೆ ಕೂಡುವುದು, ಪಾಲು ಕೇಳುವುದು. ಪ್ರಾರ್ಥನಾ ಕೂಟದವರು ಮೂರನ್ನೂ ಒಂದೇ ಎಂದುಕೊಂಡಿದ್ದಾರೆ, ನಿಮ್ಮ ಮನೆಯವರೂ ಹಾಗೆಯೇ. ಒಬ್ಬರು ಕ್ಷಮಿಸಿ ಎಲ್ಲವನ್ನೂ ಬಿಟ್ಟುಬಿಡು ಅನ್ನುತ್ತಾರೆ, ಇನ್ನೊಬ್ಬರು ಪಾಲು ಬೇಕಾದರೆ ಕ್ಷಮೆಯ ಮಾತೆತ್ತಬೇಡ ಅನ್ನುತ್ತಾರೆ. ಶುಭಸಂದೇಶದಲ್ಲಿ ಈ ಎಳೆಗಳು ಬೇರೆ ಬೇರೆ.

"ಎಪ್ಪತ್ತೇಳು ಸಲ" ಕ್ಷಮಿಸಬೇಕು ಎಂಬ ಮಾತು ಎಲ್ಲರಿಗೂ ಬಾಯಿಪಾಠ. ಅದು ಮತ್ತಾಯ 18ರ 22ನೇ ವಚನ. ಅದೇ ಅಧ್ಯಾಯದ 15ರಿಂದ 17ರವರೆಗೆ ಏನಿದೆ ಎಂದು ಕೇಳಿದರೆ ಹೇಳುವವರು ಕಡಿಮೆ. ಸೋದರ ನಿನಗೆ ತಪ್ಪು ಮಾಡಿದರೆ ಹೋಗಿ, ನೀವಿಬ್ಬರೇ ಇರುವಾಗ, ಅವನ ತಪ್ಪನ್ನು ತೋರಿಸಿಕೊಡು. ಕೇಳದಿದ್ದರೆ ಒಂದಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಬಾಯಿಮುಚ್ಚಿ ಸಹಿಸಿಕೋ ಎನ್ನುವ ಬೋಧನೆಯಲ್ಲ ಇದು. ತಪ್ಪನ್ನು ತಪ್ಪು ಎಂದು ಅವನ ಮುಖ ನೋಡಿ ಹೇಳು ಎನ್ನುವ ಬೋಧನೆ. ಕ್ಷಮೆಯ ಮಾತು ಬರುವುದು ಇದನ್ನು ಹೇಳಿದ ಮೇಲೆ.

ಅದರ ಹಿಂದೆಯೇ ಯೇಸು ಹೇಳುವ ಸಾಮತಿಯ, ಅಂದರೆ ನೀತಿಕಥೆಯ, ಲೆಕ್ಕವನ್ನೂ ನೋಡಬೇಕು. ರಾಜನಿಗೆ ಸೇವಕ ಕೊಡಬೇಕಾದದ್ದು 10,000 ತಲೆಂತು. ಒಂದು ತಲೆಂತು ಸುಮಾರು 6,000 ದೆನಾರಿ, ಒಂದು ದೆನಾರಿ ಕೂಲಿಯಾಳಿನ ಒಂದು ದಿನದ ಸಂಬಳ. ಅಲ್ಲಿಗೆ 6 ಕೋಟಿ ದಿನದ ಕೂಲಿ. ಜನ್ಮಜನ್ಮಾಂತರಕ್ಕೂ ತೀರದ ಸಾಲವನ್ನು ರಾಜ ಮನ್ನಾ ಮಾಡುತ್ತಾನೆ. ಹೊರಗೆ ಬಂದ ಅದೇ ಸೇವಕ ತನಗೆ 100 ದೆನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಆ 100 ದೆನಾರಿಯನ್ನು ಪ್ರಸಂಗಗಳಲ್ಲಿ ಪುಡಿಗಾಸು ಎಂದು ಹೇಳಿಬಿಡುವವರಿದ್ದಾರೆ. ನೂರು ದಿನದ ಕೂಲಿ ಅದು. ಇವತ್ತಿನ ತೋಟದ ಕೂಲಿಗೆ ಹಾಕಿ ನೋಡಿದರೆ ಅರ್ಧ ಲಕ್ಷ ದಾಟುತ್ತದೆ. ನಮಗೆ ಆದ ನಷ್ಟ ನಷ್ಟವೇ ಅಲ್ಲ ಎಂದು ಯೇಸು ಎಲ್ಲೂ ಹೇಳುವುದಿಲ್ಲ. ನಾವು ಪಡೆದ ಕರುಣೆಯ ಪಕ್ಕದಲ್ಲಿಟ್ಟು ನೋಡು ಎನ್ನುತ್ತಾರೆ.

ಹಾಗಾದರೆ ನಾನೂ ಮನ್ನಾ ಮಾಡಬೇಕಲ್ಲವೇ ಎಂದು ನೀವು ಕೇಳಬಹುದು. ಆ ಎರಡನೆಯ ಸೇವಕ ಏನು ಮಾಡಿದ ನೋಡಿ. ಕಾಲಿಗೆ ಬಿದ್ದು, "ಸ್ವಲ್ಪ ತಾಳ್ಮೆ ತೋರಿಸು, ತೀರಿಸುತ್ತೇನೆ" ಎಂದ. ಸಾಲ ಇಲ್ಲ ಎನ್ನಲಿಲ್ಲ. ಲೂಕ 17ರಲ್ಲೂ ಕ್ರಮ ಇದೇ: ಸೋದರ ತಪ್ಪು ಮಾಡಿದರೆ ಗದರಿಸು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು. ನಿಮ್ಮ ಅಣ್ಣ ಇನ್ನೂ ಸಾಲವನ್ನೇ ಒಪ್ಪಿಲ್ಲ. ಲೆಕ್ಕದ ಪುಸ್ತಕದಲ್ಲಿ ಬರೆಯದ ಸಾಲವನ್ನು ಹೊಡೆದುಹಾಕುವುದು ಹೇಗೆ? ನಾಳೆ ಅವನು ಬಂದು, "ತಂಗೀ, ತಪ್ಪಾಯಿತು, ಆದರೆ ಈಗ ಕೊಡಲು ನನ್ನ ಕೈಯಲ್ಲಿ ಏನೂ ಇಲ್ಲ" ಎಂದರೆ ಆಗ ಈ ಸಾಮತಿ ನಿಮ್ಮನ್ನು ನಿಜವಾಗಿ ಪರೀಕ್ಷಿಸುತ್ತದೆ. ಅದಕ್ಕೂ ಮನಸ್ಸು ಸಿದ್ಧವಿರಲಿ.

ದ್ವೇಷ ಬಿಡುವ ಮೊದಲ ಎಳೆ ಮಾತ್ರ ಅವನ ಪಶ್ಚಾತ್ತಾಪಕ್ಕೆ ಕಾಯುವುದಿಲ್ಲ. ಶಿಲುಬೆಯ ಕೆಳಗೆ ಯಾರೂ ಕ್ಷಮೆ ಕೇಳಿರಲಿಲ್ಲ, ಆದರೂ ಯೇಸು ಅವರಿಗಾಗಿ ತಂದೆಯನ್ನು ಬೇಡಿಕೊಂಡರು. ಅದೇ ಯೇಸು ಹಿಂದಿನ ರಾತ್ರಿ ಪ್ರಧಾನ ಯಾಜಕನ ಮನೆಯಲ್ಲಿ ಪೆಟ್ಟು ತಿಂದಾಗ ಸುಮ್ಮನೆ ಇನ್ನೊಂದು ಕೆನ್ನೆ ತಿರುಗಿಸಲಿಲ್ಲ. "ನಾನು ತಪ್ಪಾಗಿ ಮಾತಾಡಿದ್ದರೆ ಏನು ತಪ್ಪು ಎಂದು ಹೇಳು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆದೆ?" ಎಂದು ಹೊಡೆದವನನ್ನೇ ಕೇಳಿದರು (ಯೊವಾನ್ನ 18). ಆ ಪ್ರಶ್ನೆಯಲ್ಲಿ ದ್ವೇಷವಿಲ್ಲ, ಅಳುಕೂ ಇಲ್ಲ. ನಿಮ್ಮಿಂದ ಸಾಧ್ಯವಾಗಬೇಕಾದ ಧಾಟಿ ಅದು.

ಜಗದ್ಗುರು (ಪೋಪ್) ಎರಡನೆಯ ಜಾನ್ ಪಾಲರಿಗೆ 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ಗುಂಡೇಟು ಬಿತ್ತು. ನಾಲ್ಕೇ ದಿನದಲ್ಲಿ, ಆಸ್ಪತ್ರೆಯ ಹಾಸಿಗೆಯಿಂದಲೇ, ಗುಂಡು ಹೊಡೆದವನನ್ನು ಕ್ಷಮಿಸಿದ್ದೇನೆ ಎಂದರು. 1983ರ ಡಿಸೆಂಬರಿನಲ್ಲಿ ಸೆರೆಮನೆಗೆ ಹೋಗಿ ಅವನ ಪಕ್ಕದಲ್ಲಿ ಕೂತು ಮಾತಾಡಿದರು. ಆದರೆ ಗುಂಡು ಹೊಡೆದ ಆ ಮೆಹ್ಮೆತ್ ಅಲಿ ಅಗ್ಜಾ ಇಟಲಿಯ ಜೈಲಿನಿಂದ ಹೊರಬಂದದ್ದು 2000ದಲ್ಲಿ, ಅಲ್ಲಿನ ರಾಷ್ಟ್ರಪತಿ ಕ್ಷಮಾದಾನ ಕೊಟ್ಟಾಗ. ಕ್ಷಮೆಗೆ ನಾಲ್ಕು ದಿನ ಸಾಕಾಯಿತು, ನ್ಯಾಯದ ಕೆಲಸ ಹತ್ತೊಂಬತ್ತು ವರ್ಷ ತನ್ನ ಪಾಡಿಗೆ ನಡೆಯಿತು. ಗುಂಡೇಟಿಗೆ ಮುಂಚೆಯೇ, 1980ರಲ್ಲಿ, ದೇವರ ಕರುಣೆಯ ಬಗ್ಗೆ ಹೊರಡಿಸಿದ ವಿಶ್ವಪತ್ರದಲ್ಲಿ ಅವರು ಕ್ಷಮೆ ನ್ಯಾಯದ ಬೇಡಿಕೆಗಳನ್ನು ಅಳಿಸಿಹಾಕುವುದಿಲ್ಲ, ಆದ ಹಾನಿಯನ್ನು ತುಂಬಿಕೊಡಬೇಕಾದದ್ದು ಉಳಿದೇ ಇರುತ್ತದೆ ಎಂದು ಬರೆದಿದ್ದರು.

ಇನ್ನೊಂದು ನಮ್ಮ ನೆಲದ್ದು. ಇಂದೋರಿನ ಉದಯನಗರದ ಕಡೆ ಬಡ ರೈತರ ನಡುವೆ ಕೆಲಸ ಮಾಡುತ್ತಿದ್ದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರಲ್ಲಿ ಸಮುಂದರ್ ಸಿಂಗ್ ಎಂಬಾತ ಇರಿದು ಕೊಂದ. ಅವರ ಸ್ವಂತ ತಂಗಿ ಸಿಸ್ಟರ್ ಸೆಲ್ಮಿ ಪಾಲ್ 2002ರಲ್ಲಿ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿ ಅಣ್ಣ ಎಂದರು. ಅವನು ಬಿಡುಗಡೆಯಾದದ್ದು 2006ರಲ್ಲಿ. ಅಕ್ಕನ ಸಾವು ಸಾವಲ್ಲ ಎಂದು ಆಕೆ ಹೇಳಲಿಲ್ಲ. ಕೊಂದವನಿಗೆ ಒಳ್ಳೆಯದಾಗಲಿ ಎಂದು ಬಯಸಿದರು.

ಪ್ರಾರ್ಥನಾ ಕೂಟದವರು ಕೈಯಲ್ಲಿ ಹಿಡಿದಿರುವ ವಚನ ಯಾವುದೆಂದು ಊಹಿಸಬಲ್ಲೆ: ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 6ನೇ ಅಧ್ಯಾಯ. "ಅದಕ್ಕಿಂತ ಅನ್ಯಾಯವನ್ನು ಯಾಕೆ ಸಹಿಸಬಾರದು?" ಎನ್ನುತ್ತಾರೆ ಸಂತ ಪೌಲರು. ಆ ಮಾತು ನಮ್ಮನ್ನು ಚುಚ್ಚಬೇಕು, ಅದನ್ನು ನಯಮಾಡಬಾರದು. ಆದರೆ ಹಿಂದೆಮುಂದೆ ಓದಿ. 5ನೇ ವಚನದಲ್ಲಿ, ಸೋದರರ ನಡುವಿನ ವ್ಯಾಜ್ಯ ತೀರಿಸಬಲ್ಲ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿ ಇಲ್ಲವೇ ಎಂದು ಕೇಳುತ್ತಾರೆ. ಅಂದರೆ ವಿಚಾರಣೆ ಆಗಬೇಕು, ಮನೆಯೊಳಗೇ ಆಗಲಿ ಎಂಬುದು ಅವರ ಬಯಕೆ. 8ನೇ ವಚನದಲ್ಲಿ ಕಿತ್ತುಕೊಳ್ಳುವವರ ಕಡೆ ತಿರುಗಿ, ನೀವೇ ಮೋಸ ಮಾಡುತ್ತೀರಿ, ಅದೂ ಸ್ವಂತ ಸೋದರರಿಗೆ ಎಂದು ಗದರುತ್ತಾರೆ. 7ನ್ನು ತಂಗಿಗೆ ಓದಿ ಹೇಳಿದವರು 8ನ್ನು ಅಣ್ಣನಿಗೂ ಓದಿ ಹೇಳಿದ್ದರೆ ಚೆನ್ನಾಗಿತ್ತು. ಬೇರೆ ದಾರಿ ಮುಚ್ಚಿದಾಗ ಪೌಲರು ತಾವೇ ಚಕ್ರವರ್ತಿಯ ನ್ಯಾಯಸ್ಥಾನಕ್ಕೆ ಮೇಲ್ಮನವಿ ಸಲ್ಲಿಸಿದರು (ಪ್ರೇಷಿತರ ಕಾರ್ಯಕಲಾಪಗಳು 25).

ನಿಮಗೆ ಕಷ್ಟವಾಗುವ ಎರಡು ಮಾತು

ಇಷ್ಟು ಹೊತ್ತು ನಿಮ್ಮ ಪರ ಮಾತಾಡಿದೆ. ಇನ್ನೆರಡು ಮಾತು ಹೇಳದಿದ್ದರೆ ನಿಮಗೆ ನಾನು ನಿಷ್ಠನಾಗಿರುವುದಿಲ್ಲ.

ಲೂಕ 12ರಲ್ಲಿ ಗುಂಪಿನಿಂದ ಒಬ್ಬ, "ಬೋಧಕರೇ, ಪಿತ್ರಾರ್ಜಿತ ಆಸ್ತಿಯನ್ನು ನನ್ನೊಡನೆ ಹಂಚಿಕೊಳ್ಳಲು ನನ್ನ ಸೋದರನಿಗೆ ಹೇಳಿ" ಎನ್ನುತ್ತಾನೆ. ನಿಮ್ಮದೇ ಪ್ರಶ್ನೆ! ಯೇಸು ಪಂಚಾಯ್ತಿ ಮಾಡಲು ಒಪ್ಪುವುದಿಲ್ಲ. ಅವನ ಕೇಳಿಕೆ ತಪ್ಪು ಎನ್ನುವುದೂ ಇಲ್ಲ. ಆದರೆ ಆ ಕ್ಷಣದಲ್ಲೇ ಎಲ್ಲರ ಕಡೆ ತಿರುಗಿ, ಲೋಭದ ಬಗ್ಗೆ ಎಚ್ಚರ ಎನ್ನುತ್ತಾರೆ. ನ್ಯಾಯ ಕೇಳುವವರ ಒಳಗೂ ಲೋಭ ನುಸುಳಬಹುದು ಎಂದು ಅವರಿಗೆ ಗೊತ್ತಿತ್ತು. ನಿಮಗೆ ಬೇಕಾಗಿರುವುದು ನಿಮ್ಮ ಪಾಲೇ, ಅಥವಾ ಅಣ್ಣ ಊರ ಮುಂದೆ ತಲೆ ತಗ್ಗಿಸುವುದೇ? ಪ್ರಾರ್ಥನೆಗೆ ಕೂತಾಗ ಈ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಿ. ಉತ್ತರ ಒಂದೊಂದು ದಿನ ಒಂದೊಂದು ಬರುತ್ತದೆ. ಕೇಳುವುದನ್ನು ಬಿಡಬೇಡಿ.

ಎರಡನೆಯದು ನಿಮ್ಮ ಪತ್ರದಲ್ಲೇ ಇದೆ. "ಅಮ್ಮ 6 ವರ್ಷ ಹಾಸಿಗೆ ಹಿಡಿದಿದ್ದರು, ಅಣ್ಣ-ಅತ್ತಿಗೆ ನೋಡಿಕೊಂಡರು" ಎಂದು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಹಾಸಿಗೆ ಹಿಡಿದವರನ್ನು 6 ವರ್ಷ ನೋಡಿಕೊಳ್ಳುವುದು ಏನೆಂದು ಧರ್ಮಕೇಂದ್ರದ ರೋಗಿಗಳ ಮನೆಗೆ ಪರಮಪ್ರಸಾದ ಒಯ್ಯುವ ನನಗೆ ಗೊತ್ತು. ಮಗ್ಗುಲು ಬದಲಿಸುವುದು, ಹುಣ್ಣು ತೊಳೆಯುವುದು, ರಾತ್ರಿ ಮೂರು ಸಲ ಏಳುವುದು, ಮದುವೆ-ಮುಂಜಿಗೆ ಇಬ್ಬರೂ ಒಟ್ಟಿಗೆ ಹೋಗಲಾಗದಿರುವುದು. ಅದರಲ್ಲಿ ಬಹುಪಾಲು ಅತ್ತಿಗೆಯ ಕೈಮೇಲೆ ಬಿದ್ದಿರುತ್ತದೆ. ಅದಕ್ಕೆ ಯಾರೂ ಥ್ಯಾಂಕ್ಸ್ ಕೂಡ ಹೇಳಿರುವುದಿಲ್ಲ. ಇದರಿಂದ ಆ ಮೋಸದ ಸಹಿ ಸರಿಯಾಗುವುದಿಲ್ಲ, ಸರಿಯಾಗಲು ಸಾಧ್ಯವೂ ಇಲ್ಲ. ಆದರೆ ಈ ಬಗೆಯ ಮನೆಗಳಲ್ಲಿ ಕೂತು ಮಾತಾಡಿಸಿದಾಗಲೆಲ್ಲ ನಾನು ಕಂಡದ್ದು ಇದು: "ಎಲ್ಲ ಮಾಡಿದ್ದು ನಾವು, ಪಾಲಿಗೆ ಮಾತ್ರ ಅವಳೂ" ಎಂಬ ಒಂದು ನೋವು ವರ್ಷಗಟ್ಟಲೆ ಒಳಗೇ ಹುದುಗಿ ಕೊನೆಗೆ ಮೋಸವಾಗಿ ಹೊರಬರುತ್ತದೆ. "ನಿನ್ನ ಸೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ" ಎಂಬ ಆ ವಾಕ್ಯ ಇಲ್ಲಿ ಒಂದಿಷ್ಟು ನಿಮಗೂ ತಾಗುತ್ತದೆ.

ಈಗ ಪಾಲಿನ ಮಾತು

ನಾನು ವಕೀಲನಲ್ಲ. ಆದರೆ ಕ್ರೈಸ್ತ ಕುಟುಂಬಗಳಲ್ಲಿ ಎಷ್ಟೋ ಜಗಳ ಕಾನೂನು ಗೊತ್ತಿಲ್ಲದ್ದರಿಂದಲೇ ಬೆಳೆಯುತ್ತದೆ, ಹಾಗಾಗಿ ಗೊತ್ತಿರುವಷ್ಟು ಹೇಳುತ್ತೇನೆ. ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಇಲ್ಲದೆ ಗಂಡ ತೀರಿಕೊಂಡರೆ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಮಕ್ಕಳಿಗೆ. ಗಂಡು-ಹೆಣ್ಣು ಎಂಬ ಭೇದವಿಲ್ಲ, ಸಮಸಮ. ಆಮೇಲೆ ತಾಯಿಯೂ ಉಯಿಲು ಬರೆಯದೆ ಹೋದರೆ ಆ ಪಾಲೂ ಮಕ್ಕಳಿಗೆ ಸಮನಾಗಿ ಬರುತ್ತದೆ. ಮದುವೆಯ ಚಿನ್ನದ ವಾದಕ್ಕೆ 49ನೇ ಕಲಮು ಉತ್ತರ ಕೊಡುತ್ತದೆ: ತಂದೆ ಬದುಕಿದ್ದಾಗ ಮಕ್ಕಳಿಗೆ ಕೊಟ್ಟದ್ದನ್ನು ಪಾಲಿನ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ. "ಹೆಣ್ಣುಮಕ್ಕಳಿಗೆ ಚಿನ್ನ ಹಾಕಿದರೆ ಅಲ್ಲಿಗೆ ಮುಗಿಯಿತು" ಎಂಬುದು ನಮ್ಮ ಊರಿನ ರೂಢಿ, ಕಾನೂನಲ್ಲ. ಶುಭಸಂದೇಶವಂತೂ ಅಲ್ಲವೇ ಅಲ್ಲ.

ಅವಧಿಯ ವಿಷಯ ಮರೆಯಬೇಡಿ. ಮೋಸದಿಂದ ಆದ ಪತ್ರವನ್ನು ರದ್ದು ಮಾಡಿಸಲು ಕಾಲಮಿತಿ ಕಾಯ್ದೆಯಲ್ಲಿ ಇರುವುದು, ವಿಷಯ ಗೊತ್ತಾದ ದಿನದಿಂದ 3 ವರ್ಷ. "ಪ್ರಾರ್ಥನೆ ಮಾಡುತ್ತಾ ಕಾಯಿರಿ" ಎಂಬ ಸಲಹೆ ಎಷ್ಟೋ ಹೆಣ್ಣುಮಕ್ಕಳ ಅವಧಿಯನ್ನು ಮೀರಿಸಿಬಿಟ್ಟಿದೆ. ಏನೇ ತೀರ್ಮಾನ ಮಾಡಿ, ಆ ಪತ್ರದ ದೃಢೀಕೃತ ನಕಲನ್ನು ಮೊದಲು ತೆಗೆಸಿಕೊಂಡು ವಕೀಲರಿಗೆ ತೋರಿಸಿ. ಖರ್ಚಿನ ಚಿಂತೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ.

ಪಾಲನ್ನು ಪೂರ್ತಿ ಬಿಟ್ಟುಕೊಡುವುದು ಒಂದು ದಾರಿ. ಅದು ದೊಡ್ಡ ದಾನವಾಗಬಹುದು, ಆದರೆ ದಾನಕ್ಕೆ ಸ್ವಾತಂತ್ರ್ಯ ಬೇಕು. ಶಾಪದ ಭಯದಿಂದಲೋ ಕೂಟದವರ ಬಾಯಿಗೆ ಹೆದರಿಯೋ ಬಿಟ್ಟರೆ ಹತ್ತು ವರ್ಷದ ನಂತರವೂ "ಬಿಟ್ಟುಕೊಟ್ಟೆನಲ್ಲ" ಎಂಬ ಉರಿ ಆರುವುದಿಲ್ಲ. ಅಂಥವರನ್ನು ಕಂಡಿದ್ದೇನೆ, ಕೇಸು ಹಾಕಿದವರಿಗಿಂತ ಕಹಿಯಾಗಿದ್ದರು. ಅಣ್ಣನ ಆತ್ಮಕ್ಕೂ ಅದರಿಂದ ಒಳ್ಳೆಯದಾಗುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸದೆ ಪಾಪನಿವೇದನೆ ಪೂರ್ಣವಾಗುವುದಿಲ್ಲ ಎಂಬುದು ನಮ್ಮ ವಿಶ್ವಾಸ. ಸುಂಕದವನಾದ ಜಕ್ಕಾಯ, ಮೋಸದಿಂದ ಪಡೆದದ್ದರ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ ದಿನವೇ ಯೇಸು ಅವನ ಮನೆಗೆ ರಕ್ಷಣೆ ಬಂತು ಎಂದರು.

ಮತ್ತಾಯ 18ರ ಮೆಟ್ಟಿಲುಗಳನ್ನು ಹತ್ತುವುದು ನಾನು ನಿಮಗೆ ಹೇಳುವ ದಾರಿ. ಮೊದಲು ಅಣ್ಣ ಒಬ್ಬನೇ ಇರುವಾಗ ಅವನನ್ನು ಭೇಟಿಯಾಗಿ. ಎದುರಿಗೆ ಮಾತು ಹೊರಡದಿದ್ದರೆ ಕೈಬರಹದ ಒಂದು ಪತ್ರ ಬರೆಯಿರಿ, ವಾಟ್ಸಾಪ್ ಬೇಡ. ಅದರಲ್ಲಿ ಅಮ್ಮನನ್ನು ನೋಡಿಕೊಂಡದ್ದಕ್ಕೆ, ವಿಶೇಷವಾಗಿ ಅತ್ತಿಗೆಗೆ, ಕೃತಜ್ಞತೆ ಮೊದಲು ಬರಲಿ, ಆ ಋಣವನ್ನು ಹಂಚಿಕೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲು ಸಿದ್ಧಳಿದ್ದೇನೆ ಎಂದೂ ಬರಲಿ. ಆಮೇಲೆ ಸಹಿಯ ದಿನ ಏನಾಯಿತು ಎಂದು ನಡೆದ ಹಾಗೆಯೇ ಬರೆಯಿರಿ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯುವುದು ಸುಲಭವಲ್ಲ. ಬರೆದು ಹರಿದು ಮತ್ತೆ ಬರೆಯಬೇಕಾದೀತು. ಫಲ ಸಿಗದಿದ್ದರೆ ಇಬ್ಬರೂ ಗೌರವಿಸುವ ಹಿರಿಯರೊಬ್ಬರು, ಸೋದರಮಾವನೋ ಧರ್ಮಕೇಂದ್ರದ ಗುರುಗಳೋ, ಜೊತೆಗೆ ಬರಲಿ. ಇದರಲ್ಲೂ ಅಪಾಯವಿದೆ. ಊರಿನ ಹಿರಿಯರು ದೇವಾಲಯಕ್ಕೆ ದೇಣಿಗೆ ಕೊಡುವ ಅಣ್ಣನ ಕಡೆ ವಾಲಬಹುದು, "ನೀನೇ ಸ್ವಲ್ಪ ಸೋಲು" ಎಂದು ನಿಮ್ಮ ಮೇಲೇ ಒತ್ತಡ ಬರಬಹುದು, ಮಾತುಕತೆ ಎಳೆದು ಎಳೆದು ಅವಧಿ ತೀರಬಹುದು. ಅದಕ್ಕೇ ಎರಡು ತಿಂಗಳ ಗಡುವು ಇಟ್ಟುಕೊಳ್ಳಿ, ಯಾವ ಕಾಗದಕ್ಕೂ ವಕೀಲರು ಓದದೆ ಸಹಿ ಹಾಕಬೇಡಿ. ಒಂದು ಸಲ ಹಾಕಿದ್ದೀರಿ.

ಅದೂ ಆಗದಿದ್ದರೆ ದಾವೆ ಹಾಕಿ. ಅದು ಪಾಪವಲ್ಲ. ಸೇಡಿಗಾಗಿ ಕೇಡು ಬಯಸುವುದು ಸಲ್ಲದು, ಆದರೆ ನ್ಯಾಯ ನಿಲ್ಲಿಸಲು ಹಾನಿ ತುಂಬಿಕೊಡುವಂತೆ ಮಾಡುವುದು ಪ್ರಶಂಸನೀಯ ಎಂದು ಧರ್ಮೋಪದೇಶ ಗ್ರಂಥದ 2302ರಲ್ಲೇ ಇದೆ. ನ್ಯಾಯಾಧೀಶನ ಬಾಗಿಲು ಬಿಡದೆ ತಟ್ಟಿದ ವಿಧವೆಯನ್ನು ಯೇಸು ಪ್ರಾರ್ಥನೆಗೆ ಮಾದರಿಯಾಗಿ ತೋರಿಸಿದರು. ಆದರೆ ಕೋರ್ಟಿನಲ್ಲಿ ವರ್ಷಗಳು ಹೋಗುತ್ತವೆ, ಹಣ ಹೋಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ದಾವೆಯ ಕರಡಿನಲ್ಲಿದೆ. ಕೇಸು ಗಟ್ಟಿಯಾಗಲಿ ಎಂದು ನಡೆಯದ ಬೈಗುಳ, ಇಲ್ಲದ ಬೆದರಿಕೆ, ಅತ್ತಿಗೆಯ ಹೆಸರಿಗೆ ಒಂದಿಷ್ಟು ಮಸಿ ಅದರಲ್ಲಿ ಸೇರಿಬಿಡಬಹುದು. ಪ್ರತಿ ಸಾಲನ್ನೂ ಓದಿ, ಸುಳ್ಳಿರುವ ಸಾಲನ್ನು ಹೊಡೆದುಹಾಕಿಸಿ. "ಸುಳ್ಳು ಸಾಕ್ಷಿ ಹೇಳಬೇಡ" ಎಂಬ ಕಟ್ಟಳೆ ಫಿರ್ಯಾದಿಗೂ ಅನ್ವಯಿಸುತ್ತದೆ. ಒತ್ತಡ ಹಾಕುವುದಕ್ಕೆಂದು ಪೊಲೀಸ್ ದೂರು ಕೊಡಿ ಎಂಬ ಸಲಹೆ ಬಂದರೆ ಹತ್ತು ಸಲ ಯೋಚಿಸಿ, ಆ ಬಾಗಿಲು ತೆರೆದ ಮೇಲೆ ಮನೆಯ ಬಾಗಿಲು ಮತ್ತೆ ತೆರೆಯುವುದು ಬಹಳ ಕಷ್ಟ. ದಾವೆ ನಡೆಯುವಾಗಲೂ ಮಧ್ಯಸ್ಥಿಕೆ ಕೇಂದ್ರ ಇದೆ, ಲೋಕ ಅದಾಲತ್ ಇದೆ. ಅಲ್ಲಿ ರಾಜಿಯಾದರೆ ಕೋರ್ಟ್ ಶುಲ್ಕ ವಾಪಸಾಗುತ್ತದೆ, ಮೇಲ್ಮನವಿಯ ಅಲೆದಾಟವೂ ಇರುವುದಿಲ್ಲ. ನೋಟಿಸು ಹೋಗುವುದಾದರೆ ಅದಕ್ಕೆ ಮುಂಚೆ ನೀವೇ ಅಣ್ಣನಿಗೆ ಫೋನ್ ಮಾಡಿ ತಿಳಿಸಿ. ಅಂಚೆಯವನ ಕೈಯಿಂದ ಅವನಿಗೆ ಗೊತ್ತಾಗುವುದು ಬೇಡ.

ದ್ವೇಷ ಬಿಡುವ ಮನಸ್ಸಿನ ಕೆಲಸ ಹೇಗೆ ಎಂದು ನೀವು ಕೇಳಬಹುದು. "ಪರಲೋಕದಲ್ಲಿರುವ ನಮ್ಮ ತಂದೆಯೇ" ಜಪವನ್ನು ದಿನಕ್ಕೊಂದು ಸಲ ಅಣ್ಣನ ಹೆಸರು ಹಿಡಿದು ಹೇಳಿ. ಮನಸ್ಸು ಕೂಡದಿದ್ದರೂ ಪರವಾಗಿಲ್ಲ, ಹಲ್ಲು ಕಚ್ಚಿಯಾದರೂ ಹೇಳಿ. ನಡೆದ ಕಥೆಯನ್ನು ಗಂಡ, ವಕೀಲರು, ಗುರುಗಳು ಬಿಟ್ಟು ಬೇರೆಯವರ ಮುಂದೆ ಬಿಚ್ಚಬೇಡಿ, ಹೇಳಿದಷ್ಟೂ ಗಾಯ ಹಸಿಯಾಗುತ್ತದೆ. ಒಂದು ದಿನ ಹಗುರವಾಯಿತು ಎನಿಸಿ ಮರುದಿನ ಪಹಣಿಯ ಹಾಳೆ ಕಂಡು ಮತ್ತೆ ಹೊಟ್ಟೆ ಉರಿದರೆ, ಮೊದಲು ಕ್ಷಮಿಸಿದ್ದೇ ಸುಳ್ಳು ಎಂದುಕೊಳ್ಳಬೇಡಿ. ಯೇಸು ಶಿಷ್ಯ ಪೇತ್ರನಿಗೆ ಹೇಳಿದ ಆ ಎಪ್ಪತ್ತೇಳು ಸಲ ಎಂಬುದು ಒಂದೇ ತಪ್ಪಿಗೆ, ಅದು ನೆನಪಾದ ಪ್ರತಿ ಸಲಕ್ಕೆ, ಎಂದು ಓದಿಕೊಳ್ಳುವುದು ನನಗೆ ಇತ್ತೀಚೆಗೆ ಅಭ್ಯಾಸವಾಗಿದೆ.

ಇನ್ನು ಮದುವೆ. ಹೋಗಿ. ಆ ಹುಡುಗಿ ನಿಮ್ಮ ಸಹಿ ತೆಗೆದುಕೊಂಡವಳಲ್ಲ. ಹೋದರೆ ಕೇಸಿನಲ್ಲಿ ಸೋತಂತಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ಸೋದರ ಸೊಸೆಯ ತಲೆಗೆ ತೆಂಗಿನ ಹಾಲು ಹಾಕಿದ್ದರಿಂದ ಯಾರ ಹಕ್ಕೂ ಹೋಗುವುದಿಲ್ಲ. ರೋಸಿನ ಸಂಜೆ ಚಪ್ಪರದಲ್ಲಿ ಆಸ್ತಿಯ ಮಾತು ಯಾರೇ ಎತ್ತಿದರೂ "ಇವತ್ತು ಬೇಡ" ಎಂದಷ್ಟೇ ಹೇಳಿ. ಅತ್ತಿಗೆ ಅಡುಗೆಮನೆಯಲ್ಲಿ ಒಬ್ಬರೇ ಸಿಕ್ಕರೆ, ಅಮ್ಮನನ್ನು ನೋಡಿಕೊಂಡದ್ದಕ್ಕೆ ಹೇಳಬೇಕಾದ ಆ ಮಾತನ್ನು ಹೇಳಿಬಿಡಿ. ಅದಕ್ಕೆ ಅಣ್ಣನಿಗೆ ಪತ್ರ ಬರೆಯುವವರೆಗೆ ಕಾಯಬೇಕಾಗಿಲ್ಲ.